ನಮ್ಮ ಕಡೆಯ ಗಾಳಿ ಶುದ್ಧವೇ? ಯಾದಗಿರಿ ಸೀಮೆಯ ಕೆಲವು ನಂಬಿಕೆಗಳು

"ನಮ್ ಕಡಿ ಗಾಳಿ ಚೊಲೋ ಅದ ರೀ, ಕೆಟ್ಟಿದ್ದೇನಿದ್ರೂ ಬೆಂಗಳೂರಾಗ, ದಿಲ್ಲ್ಯಾಗ." ಯಾದಗಿರಿ, ಶಹಾಪುರ, ಸುರಪುರದಲ್ಲಿ ಗಾಳಿಯ ಮಾತೆತ್ತಿದರೆ ಮೊದಲು ಕೇಳಿಬರುವುದು ಇದೇ. ಇಲ್ಲಿ ವಾಹನ ಕಡಿಮೆ, ಬಯಲು ಹೆಚ್ಚು, ಅದೆಲ್ಲ ನಿಜ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿಯೂ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ; ಯಾದಗಿರಿ ಇಲ್ಲ. ಆದರೆ ಅದು ಅಳತೆ ನಡೆಯುತ್ತಿದ್ದ ನಗರಗಳ ಅಂಕಿ ನೋಡಿ ಮಾಡಿದ ಪಟ್ಟಿ. ಯಂತ್ರವೇ ಇಲ್ಲದ ಹಳ್ಳಿಯ ಗಾಳಿ ಆ ಪಟ್ಟಿಗೆ ಸೇರಲು ದಾರಿಯೇ ಇರಲಿಲ್ಲ. ಹೊಗೆ ಎಷ್ಟು ಎದ್ದಿತು ಎಂಬುದಕ್ಕಿಂತ ಉಸಿರಾಡುವವರಿಂದ ಅದು ಎಷ್ಟು ದೂರದಲ್ಲಿದೆ ಎಂಬುದು ಮುಖ್ಯ. ನಮ್ಮ ಕಡೆ ಹೊಗೆ ತೀರಾ ಹತ್ತಿರದಲ್ಲಿದೆ.

ಈಗ ಯಾದಗಿರಿಯ ಜಿಲ್ಲಾಧಿಕಾರಿ ಕಚೇರಿ ಆವರಣದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಮೊಬೈಲಿನಲ್ಲಿ ಹಸಿರು ಬಣ್ಣದ ಸಂಖ್ಯೆ ಕಂಡರೆ ಇಡೀ ಜಿಲ್ಲೆ ಚೆನ್ನಾಗಿದೆ ಎಂದು ನಂಬುವವರಿದ್ದಾರೆ. ಆ ಸಂಖ್ಯೆ ಯಂತ್ರದ ಸುತ್ತಲಿನ ಗಾಳಿಯದು. ಶಹಾಪುರ ಅಲ್ಲಿಂದ ಸುಮಾರು 30 ಕಿಲೋಮೀಟರ್, ಸುರಪುರ ಇನ್ನೂ ಆಚೆ. ಇನ್ನೊಂದು ಮಿತಿಯೂ ಉಂಟು. ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕದ ಲೆಕ್ಕಕ್ಕೆ ಬರುವುದು ಎಂಟೇ ವಸ್ತುಗಳು: ಎರಡು ಗಾತ್ರದ ಧೂಳಿನ ಕಣ, ಸಾರಜನಕದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಝೋನ್, ಅಮೋನಿಯ, ಸೀಸ. ಔಷಧ ಕಾರ್ಖಾನೆಗಳಲ್ಲಿ ಬಳಸುವ ಟಾಲ್ಯುಯೀನ್, ಮೆಥನಾಲ್‌ನಂಥ ದ್ರಾವಕಗಳ ಆವಿ ಅದರಲ್ಲಿ ಇಲ್ಲ.

ಸೈದಾಪುರದ ಹತ್ತಿರದ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಯವರಿಗೆ ಇದು ಜೀವನ್ಮರಣದ ಮಾತು. ಮೂರು ಸಾವಿರಕ್ಕೂ ಹೆಚ್ಚು ಎಕರೆ ಸ್ವಾಧೀನವಾದ ಆ ನೆಲದಲ್ಲಿ ಔಷಧ, ರಾಸಾಯನಿಕ ಕಾರ್ಖಾನೆಗಳು ಬಂದಿವೆ. ದುರ್ವಾಸನೆ, ಕಣ್ಣುರಿ, ತಲೆನೋವು ಎಂದು ಜನ ವರ್ಷಗಳಿಂದ ದೂರುತ್ತಿದ್ದಾರೆ. ಅವರಿಗೆ ಸಿಗುವ ಸಮಾಧಾನದ ಮಾತು, "ವಾಸನೆ ತಾನೆ, ರೂಢಿಯಾಗ್ತದ" ಎಂಬುದು. ರೂಢಿಯಾಗುವುದು ಮೂಗಿಗೆ ಮಾತ್ರ. ಉಸಿರಿನೊಂದಿಗೆ ಒಳಹೋದ ಆವಿ ತನ್ನ ಕೆಲಸ ನಿಲ್ಲಿಸುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಪಾಯದ ಮಟ್ಟಕ್ಕೆ ಏರಿದಾಗ ಮೂಗಿಗೆ ತಿಳಿಯುವುದೇ ಇಲ್ಲ. ರಾತ್ರಿ, ನಸುಕಿನಲ್ಲಿ ವಾಸನೆ ಹೆಚ್ಚು ಎಂಬ ದೂರನ್ನೂ ಭ್ರಮೆಯೆಂದು ತಳ್ಳಬಾರದು. ನೆಲ ತಣ್ಣಗಾದಾಗ ಅದಕ್ಕಂಟಿದ ಗಾಳಿ ಮೇಲೇಳದೆ ಕುಳಿತುಬಿಡುತ್ತದೆ. ಹಗಲಿನಷ್ಟೇ ಆವಿ ಬಿಟ್ಟರೂ ಇರುಳಲ್ಲಿ ದಟ್ಟವಾಗುತ್ತದೆ. ಚಳಿಗಾಲದಲ್ಲಿ "ನಸುಕಿನ ಗಾಳಿ ಅಮೃತ" ಎಂದು ವಾಕಿಂಗ್ ಹೋಗುವವರಿಗೂ ಇದೇ ಮಾತು ಅನ್ವಯ. ಬಿಸಿಲು ಏರಿದ ಮೇಲೆ ಹೋಗುವುದು ಒಳ್ಳೆಯದು. ಪ್ರತಿ ಕಾರ್ಖಾನೆಗೂ 1981ರ ವಾಯು ಕಾಯ್ದೆಯಡಿ ಮಂಡಳಿ ಕೊಟ್ಟ ಸಮ್ಮತಿಪತ್ರ ಇರಬೇಕು, ಅದರಲ್ಲಿ ಷರತ್ತುಗಳಿರುತ್ತವೆ. ಮಾಹಿತಿ ಹಕ್ಕಿನಡಿ ಅದನ್ನು ಯಾರು ಬೇಕಾದರೂ ಕೇಳಬಹುದು. ಹಳ್ಳಿಯ ಪಕ್ಕದಲ್ಲೇ, ಇರುಳಲ್ಲೂ, ದ್ರಾವಕದ ಆವಿಯನ್ನೂ ಅಳೆಯುವ ಯಂತ್ರ ಬೇಕೆಂದು ಊರು ಒಟ್ಟಾಗಿ ಕೇಳುವುದು ನ್ಯಾಯವಾದ ಬೇಡಿಕೆ.

ಶಹಾಪುರ, ಯಾದಗಿರಿಯ ಜಿನ್ನಿಂಗ್ ಮಿಲ್‌ಗಳಲ್ಲಿ ದುಡಿಯುವವರ ನಡುವೆ ಇನ್ನೊಂದು ನಂಬಿಕೆ: ಸಂಜೆಗೆ ಒಂದು ತುಂಡು ಬೆಲ್ಲ ತಿಂದರೆ ಎದೆಯೊಳಗಿನ ಹತ್ತಿ ಧೂಳು ಇಳಿದುಹೋಗುತ್ತದೆ. ಬೆಲ್ಲ ಹೋಗುವುದು ಅನ್ನನಾಳಕ್ಕೆ, ಧೂಳು ಕೂರುವುದು ಶ್ವಾಸಕೋಶದಲ್ಲಿ. ಲಖನೌದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿ 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬೆಲ್ಲದಿಂದ ಕೊಂಚ ಉಪಯೋಗ ಕಂಡಿತ್ತು. ಮನುಷ್ಯರಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು ಹತ್ತಿ ಧೂಳಿನ ಕಾಯಿಲೆಯ, ಅಂದರೆ ಬಿಸಿನೋಸಿಸ್‌ನ, ಮೊದಲ ಗುರುತು. ಆ ಹಂತದಲ್ಲೇ ವೈದ್ಯರನ್ನು ಕಂಡು ಧೂಳಿನಿಂದ ದೂರವಾದರೆ ಎದೆ ಸುಧಾರಿಸಬಹುದು. ವರ್ಷಗಟ್ಟಲೆ ಸಹಿಸಿದರೆ ಹಾನಿ ಕಾಯಂ. ಮೂಗಿಗೆ ಟವೆಲ್, ಸೆರಗು ಸುತ್ತುವುದು ದಪ್ಪ ಧೂಳಿಗಷ್ಟೇ ತಡೆ. ಕೂದಲೆಳೆಯ ಇಪ್ಪತ್ತನೇ ಒಂದು ಪಾಲಿಗಿಂತ ಸಣ್ಣ ಕಣಕ್ಕೆ ಆ ನೇಯ್ಗೆ ಅಡ್ಡಿಯೇ ಅಲ್ಲ. ಅದಕ್ಕೆ ಎನ್-95 ಮಾಸ್ಕ್ ಬೇಕು, ಮಿಲ್ಲಿನಲ್ಲಿ ಧೂಳು ಎಳೆಯುವ ಯಂತ್ರ ಬೇಕು. ಅದನ್ನು ಕೊಡಬೇಕಾದವರು ಮಾಲೀಕರು.

ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ ಬಂತು, ಕೊಯ್ಯುವ ಯಂತ್ರವೂ ಬಂತು. ಯಂತ್ರ ಬಿಟ್ಟುಹೋದ ಹುಲ್ಲಿಗೆ, ಕೂಳೆಗೆ ಬೆಂಕಿ ಇಟ್ಟರೆ "ಬೂದಿ ನೆಲಕ್ಕ ಗೊಬ್ಬರ" ಎನ್ನುವುದುಂಟು. ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು ಐದೂವರೆ ಕಿಲೋ ಸಾರಜನಕ ಹೊಗೆಯಾಗಿ ಹೋಗುತ್ತದೆ. ಅದನ್ನೇ ರೈತ ಮತ್ತೆ ಯೂರಿಯಾ ಚೀಲದಲ್ಲಿ ಕೊಳ್ಳುತ್ತಾನೆ. ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸುವ ಬಗೆಯನ್ನು ತಿಳಿಯಲು ದೂರ ಹೋಗಬೇಕಿಲ್ಲ, ಭೀಮರಾಯನಗುಡಿಯಲ್ಲೇ ಕೃಷಿ ಕಾಲೇಜಿದೆ.

ಗಿಡ ಹಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಗಿಡ ಹಚ್ಚೋಣ, ಆದರೆ ಎಲೆಗಳು ಹಿಡಿಯುವುದು ಅಲ್ಪಸ್ವಲ್ಪ ಧೂಳನ್ನು ಮಾತ್ರ.

ನನಗೆ ಎಲ್ಲಕ್ಕಿಂತ ಸಂಕಟ ತರುವುದು ಅಡುಗೆಮನೆಯ ನಂಬಿಕೆ: "ಗ್ಯಾಸ್ ಬಂದದ, ಹೊಗಿ ಹೋತು." 2016ರ ಉಜ್ವಲಾ ಯೋಜನೆಯಿಂದ ಸಿಲಿಂಡರ್ ಬಂದದ್ದು ದೊಡ್ಡ ಬದಲಾವಣೆ, ಅನುಮಾನವಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಗ್ಯಾಸಿನ ಮೇಲೆ ಚಹಾ, ಸಾರು ಮಾತ್ರ. ಜೋಳದ ರೊಟ್ಟಿ, ಜಳಕದ ನೀರು ಇಂದಿಗೂ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಉರಿಯುವ ಒಲೆಯ ಮೇಲೇ. ಸಣ್ಣ ಕಣ ದಿನಕ್ಕೆ ಘನಮೀಟರಿಗೆ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಿತಿ, 15 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕಟ್ಟಿಗೆ ಒಲೆಯ ಮುಂದೆ ಅದು ಹಲವು ನೂರು ಮುಟ್ಟುತ್ತದೆ. ಅರ್ಧ ಹೊಗೆ ಇಳಿದರೆ ಅರ್ಧ ಅಪಾಯ ಇಳಿಯಿತು ಎನ್ನಲೂ ಬರುವುದಿಲ್ಲ, ಏಕೆಂದರೆ ಹೃದಯಕ್ಕೆ ಸ್ವಲ್ಪ ಹೊಗೆಯೂ ಸಾಕಷ್ಟು ಹಾನಿ ಮಾಡುತ್ತದೆ. ಹೊಗೆಯೆಂದರೆ ಕೆಮ್ಮು, ಕಣ್ಣೀರು ಎಂದಷ್ಟೇ ತಿಳಿದವರು ಇದನ್ನು ಗಮನಿಸಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸತ್ತವರು 32 ಲಕ್ಷ. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನರ ಸಾವಿಗೆ ಹೃದಯಾಘಾತ ಮತ್ತು ಲಕ್ವ ಕಾರಣ. ಬಸುರಿ ಹೊಗೆ ಕುಡಿದರೆ ಕೂಸಿನ ತೂಕ ಕಡಿಮೆಯಾಗುತ್ತದೆ.

ಹೆಣ್ಣುಮಕ್ಕಳಿಗೆ ತಿಳಿವಳಿಕೆ ಹೇಳಿದರೆ ಸಾಕು ಎಂದು ಭಾವಿಸುವುದೂ ಒಂದು ತಪ್ಪು ಕಲ್ಪನೆಯೇ. ಹೊಗೆ ಕೆಟ್ಟದ್ದೆಂದು ಅವರಿಗೆ ಎಂದೋ ಗೊತ್ತು. ಕೊರತೆ ಇರುವುದು ಸಿಲಿಂಡರ್ ತುಂಬಿಸುವ ದುಡ್ಡಿಗೆ. ಆ ದುಡ್ಡು ಒದಗುವವರೆಗೂ ಮಾಡಬಹುದಾದದ್ದು ಇದೆ. ನೀರೊಲೆಯನ್ನು ಅಂಗಳಕ್ಕೆ ಸರಿಸಬಹುದು. ಕಟ್ಟಿಗೆಯನ್ನು ಪೂರ್ತಿ ಒಣಗಿಸಿ ಉರಿಸಬಹುದು. ಹೊಗೆಯನ್ನು ಕೊಳವೆಯಿಂದ ಮಾಡಿನಾಚೆ ಕಳಿಸುವ ಅಸ್ತ್ರ ಒಲೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಮನೆಗೆಂದೇ ರೂಪಿಸಿ ದಶಕಗಳಾದವು. ಒಲೆ ಹೊಸದಾಗಿ ಹಾಕುವವರು ಅದನ್ನೇ ಹಾಕಿಸಬಹುದು, ಕೊಳವೆಗೆ ಕಟ್ಟಿದ ಮಸಿಯನ್ನು ಆಗಾಗ ತೆಗೆಯುತ್ತಿರಬೇಕು.