ಗೆದ್ದ ರಾಜ್ಯವನ್ನು ಒಡೆಯುವ ಲೆಕ್ಕ

ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳಿಗೆ ಹಳೆಯ ಕಾಯಿಲೆಯೊಂದಿದೆ. ಮೊದಲರ್ಧದಲ್ಲಿ ಏದುಸಿರು, ಆಮೇಲೆ ಆಕಳಿಕೆ. ರಾಜ್ಯ ಒಮ್ಮೆ ಬಲಿತರೆ ಆಟಗಾರನನ್ನು ತಡೆಯುವವರೇ ಇರುವುದಿಲ್ಲ. ಆದರೆ ಇತಿಹಾಸದಲ್ಲಿ ಎಷ್ಟೋ ಸಾಮ್ರಾಜ್ಯಗಳನ್ನು ಸವೆಸಿದ್ದು ಒಳಜಗಳ. ಅದನ್ನು ಆಟದ ನಿಯಮವಾಗಿಸುವ ಪ್ರಯತ್ನ ಮೂರು ದಶಕಗಳಿಂದ ನಡೆದಿದೆ.

1991ರ ‘ಸಿವಿಲೈಸೇಶನ್’ನಲ್ಲಿ ರಾಜಧಾನಿ ಶತ್ರುವಿನ ಪಾಲಾದರೆ ದೇಶ ಇಬ್ಭಾಗವಾಗುವ ಸಾಧ್ಯತೆಯಿತ್ತು. ದಂಗೆ ಎದ್ದವರು ಯಾರು, ಅವರ ಸಿಟ್ಟೇನು ಎಂಬುದಕ್ಕೆ ಮಾತ್ರ ಉತ್ತರವಿರಲಿಲ್ಲ.

2013ರ ‘ಟೋಟಲ್ ವಾರ್: ರೋಮ್ 2’ ಎಡವಿದ್ದೂ ಇಲ್ಲೇ. ಅಂತರ್ಯುದ್ಧ ಬರುತ್ತಿತ್ತು, ಯಾಕೆ ಬಂತೆಂದು ಆಟಗಾರನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. 2017ರಲ್ಲಿ ರಾಜಕೀಯ ವ್ಯವಸ್ಥೆಯನ್ನೇ ಮತ್ತೆ ಕಟ್ಟಲಾಯಿತು. ಪ್ರತಿಯೊಂದು ಬಣಕ್ಕೂ ಕಣ್ಣಿಗೆ ಕಾಣುವ ನಿಷ್ಠೆಯ ಅಂಕ ಬಂತು. ಅದು ಕುಸಿದರೆ ಆ ಬಣದವರು ಆಳುವ ಪ್ರಾಂತ್ಯಗಳೂ ಅವರ ಸೇನಾಪತಿಗಳೂ ಕೈಬಿಟ್ಟು ಹೋಗುತ್ತವೆ.

ಸ್ಟಾಕ್‌ಹೋಮ್‌ನ ಪ್ಯಾರಡಾಕ್ಸ್ ಸಂಸ್ಥೆಯ ‘ಕ್ರುಸೇಡರ್ ಕಿಂಗ್ಸ್ 3’ (2020) ಇನ್ನೂ ಆಳಕ್ಕಿಳಿಯಿತು. ಇಲ್ಲಿ ದಂಗೆಕೋರರು ಹೆಸರು, ಮುಖ, ಹಗೆ ಇರುವ ಸಾಮಂತರು. ಅತೃಪ್ತರು ಒಂದು ಕೂಟ ಕಟ್ಟುತ್ತಾರೆ. ಒಬ್ಬರಿಗೆ ಸ್ವಾತಂತ್ರ್ಯ ಬೇಕು, ಇನ್ನೊಬ್ಬರಿಗೆ ಸಿಂಹಾಸನದ ಮೇಲೆ ಬೇರೊಬ್ಬ ಬೇಕು. ಕೂಟದ ಸೇನಾಬಲ ಅರಸನ ಬಲದ ಸುಮಾರು 80 ಪ್ರತಿಶತ ಮುಟ್ಟಿತೆಂದರೆ ಅಸಮಾಧಾನ ತಿಂಗಳು ತಿಂಗಳಿಗೂ ಏರುತ್ತದೆ. ಅದು ತುಂಬಿದ ದಿನ ಬೇಡಿಕೆಯ ಓಲೆ ಬರುತ್ತದೆ, ಒಪ್ಪದಿದ್ದರೆ ಯುದ್ಧ. ಇದೆಲ್ಲ ಮೊದಲೇ ಕಾಣುವುದರಿಂದ ತಪ್ಪಿಸಿಕೊಳ್ಳುವ ದಾರಿಯೂ ಇದೆ. ಮಗಳನ್ನು ಕೊಟ್ಟು ನೆಂಟಸ್ತಿಕೆ ಬೆಳೆಸಬಹುದು, ಭಯ ಹುಟ್ಟಿಸಬಹುದು. ಸಕಾರಣವಿಲ್ಲದೆ ಒಬ್ಬನ ಜಹಗೀರು ಕಿತ್ತುಕೊಂಡರೆ ಮಾತ್ರ ಉಳಿದವರೂ ಮುನಿಯುತ್ತಾರೆ.

ಈ ಲೆಕ್ಕ ಎಷ್ಟು ನಿಜವೆಂದು ಕನ್ನಡಿಗರು ತಮ್ಮ ಚರಿತ್ರೆಯಲ್ಲೇ ನೋಡಬಹುದು. ಆಟ 1066ರಿಂದಲೂ ಶುರುವಾಗಬಲ್ಲದು. ಕಲ್ಯಾಣದಲ್ಲಿ ಆಗ ಚಾಲುಕ್ಯ ಒಂದನೇ ಸೋಮೇಶ್ವರನ ಆಳ್ವಿಕೆ. ಎರಡು ವರ್ಷಗಳ ನಂತರ ಪಟ್ಟ ಹಿರಿಯ ಮಗ ಎರಡನೇ ಸೋಮೇಶ್ವರನಿಗೆ ಹೋಯಿತು. ರಾಜಕುಮಾರನಾಗಿದ್ದಾಗಲೇ ಗಂಗವಾಡಿಯನ್ನು ಆಳಿದ್ದ ತಮ್ಮ ವಿಕ್ರಮಾದಿತ್ಯ, ಗೋವೆಯ ಕದಂಬರಂಥ ಸಾಮಂತರನ್ನು ತನ್ನತ್ತ ಸೆಳೆದುಕೊಂಡ. 1076ರಲ್ಲಿ ಅಣ್ಣನನ್ನು ಇಳಿಸಿ ತಾನೇ ಪಟ್ಟಕ್ಕೇರಿ, ತನ್ನ ಹೆಸರಿನ ಶಕೆಯನ್ನೇ ಆರಂಭಿಸಿದ. ಆಟದಲ್ಲಿ ಕಿರಿಯ ಮಗನಿಗೆ ದೊಡ್ಡ ಸೀಮೆ ಬರೆದುಕೊಡುವ ಅರಸ ಇದೇ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ: ಅಣ್ಣ ಪಟ್ಟಕ್ಕೆ ಬಂದ ಮೇಲೆ, ಆ ಸೀಮೆಯ ಸೈನ್ಯ ಕೂಟದ 80 ಪ್ರತಿಶತದ ಲೆಕ್ಕಕ್ಕೆ ಸೇರಬಹುದು.