ಬೆವರು ಆರಿದ ಮೇಲಿನ ಜೊಂಪು

ಬೆಳಗಿನ ಜಾವ ಎದ್ದು ಓಡಿ ಬಂದು, ಸ್ನಾನ ಮುಗಿಸಿ, ತಿಂಡಿ ತಿಂದು ಕೂತರೆ ಹತ್ತು ಗಂಟೆಯ ಹೊತ್ತಿಗೆ ರೆಪ್ಪೆಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಆಗ ಅರ್ಧ ಗಂಟೆ ಮಲಗಿದರೆ ಒಳ್ಳೆಯದೋ, ಇಲ್ಲಾ ಮಾಡಿದ ವ್ಯಾಯಾಮವೆಲ್ಲ ನೀರುಪಾಲೋ? ಓಟ, ಈಜು, ಜಿಮ್ಮು ಶುರುಮಾಡಿದವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಜಿಮ್ಮಿನಲ್ಲಿ ಕೇಳಿದರೆ, ಧಾರಾಳವಾಗಿ ಮಲಗಿ, ಸ್ನಾಯು ಬೆಳೆಯುವುದೇ ನಿದ್ದೆಯಲ್ಲಿ ಎನ್ನುತ್ತಾರೆ. ಮನೆಯ ಹಿರಿಯರನ್ನು ಕೇಳಿದರೆ, ಹಗಲು ಮಲಗಿದರೆ ಮೈಗೆ ಬೊಜ್ಜು, ಮನಸ್ಸಿಗೆ ಜಡ ಎನ್ನುತ್ತಾರೆ. ಇಬ್ಬರೂ ನೋಡುತ್ತಿರುವುದು ಮೈಕಟ್ಟನ್ನೇ. ಆದರೆ ಪುರಾವೆಗಳನ್ನು ಒಂದೆಡೆ ಇಟ್ಟು ನೋಡಿದರೆ, ಈ ಜೊಂಪಿನ ಮೂಲವನ್ನು ದಣಿದ ತೊಡೆಗಳಲ್ಲಿ ಹುಡುಕಿ ಪ್ರಯೋಜನವಿಲ್ಲ ಎನ್ನಿಸುತ್ತದೆ. ಅದರ ಒಂದು ಪಾಲು ಮೈಯ ಕಾವಿನಲ್ಲಿದೆ, ದೊಡ್ಡ ಪಾಲು ಹಿಂದಿನ ರಾತ್ರಿಯಲ್ಲಿದೆ.

ಜಿಮ್ಮಿನ ಉತ್ತರಕ್ಕೆ ಬೆನ್ನೆಲುಬಾಗಿರುವುದು ಬೆಳವಣಿಗೆಯ ಹಾರ್ಮೋನಿನ ಕತೆ. 1968ರಲ್ಲಿ ತಾಕಾಹಾಶಿ, ಕಿಪ್ನಿಸ್ ಮತ್ತು ಡಾಘಡೆ ಎಂಬ ವಿಜ್ಞಾನಿಗಳು ಮಲಗಿದವರ ರಕ್ತವನ್ನು ರಾತ್ರಿಯಿಡೀ ಆಗಾಗ ತೆಗೆದು ಪರೀಕ್ಷಿಸಿದರು. ಮೊದಲ ಗಾಢನಿದ್ದೆ ಹತ್ತಿದ ಹೊತ್ತಿಗೇ ಈ ಹಾರ್ಮೋನು ರಕ್ತದಲ್ಲಿ ದಿಢೀರನೆ ಏರುವುದನ್ನು ಕಂಡರು. ಅದು ನಿಜವಾದ, ಸೊಗಸಾದ ಶೋಧ. ಅದರ ಮೇಲೆ ಆಮೇಲೆ ಕಟ್ಟಿದ ವಾದವೇ ಸಡಿಲ. ಮೊದಲನೆಯದಾಗಿ, ಇಪ್ಪತ್ತು ನಿಮಿಷದ ಕೋಳಿನಿದ್ದೆಯಲ್ಲಿ ಗಾಢನಿದ್ದೆಯ ಹಂತ ತಲುಪುವುದೇ ಅಪರೂಪ. ಎರಡನೆಯದಾಗಿ, ಆರೋಗ್ಯವಂತ ವಯಸ್ಕರಿಗೆ ಈ ಹಾರ್ಮೋನನ್ನು ಹೊರಗಿನಿಂದ ಕೊಟ್ಟು ಡೆನ್ಮಾರ್ಕಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ನಾಯುರಜ್ಜು ಮತ್ತು ಸ್ನಾಯುವಿನ ಹೊದಿಕೆಯಲ್ಲಿರುವ ಕೊಲಾಜೆನ್ ತಯಾರಿಕೆ ಹೆಚ್ಚಿತು. ಭಾರ ಎತ್ತುವಾಗ ಕುಗ್ಗಿ ಹಿಗ್ಗುವ ಎಳೆಗಳ ಪ್ರೋಟೀನು ಮಾತ್ರ ಹೆಚ್ಚಲಿಲ್ಲ. ಭಾರ ಎತ್ತಿದ ಸ್ನಾಯು ಒಂದೆರಡು ದಿನ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಲೇ ಇರುತ್ತದೆ. ನಾವು ಎದ್ದು ಆಫೀಸಿಗೆ ಹೋದೆವೆಂದು ಅದು ಕೆಲಸ ನಿಲ್ಲಿಸುವುದಿಲ್ಲ. ಇದಕ್ಕೆ ಒಂದು ಗಟ್ಟಿ ಆಕ್ಷೇಪಣೆಯಿದೆ. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ತೋರಿಸಿದಂತೆ, ಒಂದೇ ಒಂದು ರಾತ್ರಿ ಪೂರ್ತಿ ಎಚ್ಚರವಿದ್ದರೆ ಸ್ನಾಯುವಿನ ಪ್ರೋಟೀನ್ ತಯಾರಿಕೆ ಶೇ. 18ರಷ್ಟು ಇಳಿಯುತ್ತದೆ. ಹಾಗಿದ್ದರೆ ನಿದ್ದೆಯೇ ಸ್ನಾಯುವಿಗೆ ಆಹಾರವಲ್ಲವೇ? ರಾತ್ರಿಯ ನಿದ್ದೆ ಕೆಟ್ಟರೆ ಸ್ನಾಯುವಿಗೆ ನಷ್ಟ ಎಂಬುದನ್ನು ಆ ಪ್ರಯೋಗ ಸಾಬೀತು ಮಾಡುತ್ತದೆ. ರಾತ್ರಿ ಚೆನ್ನಾಗಿ ಮಲಗಿದವರು ಹಗಲು ಇನ್ನಷ್ಟು ಮಲಗಿದರೆ ಲಾಭ ಎಂಬುದು ಅದರಿಂದ ಹೊರಡುವುದಿಲ್ಲ. ಉಪವಾಸದಿಂದ ಕೃಶವಾದವರಿಗೆ ಊಟ ಬೇಕು. ಹೊಟ್ಟೆ ತುಂಬಿದವರಿಗೂ ಮತ್ತೊಂದು ಊಟದಿಂದ ಬಲ ಬರುತ್ತದೆಯೆಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಕಣ್ಣು ಎಳೆಯುವುದೇಕೆ? ಕಾವಿನ ಮಾತು ಇಲ್ಲಿ ಬರುತ್ತದೆ, ಅದನ್ನು ಅರಿಯಲು ನಮ್ಮ ಬಚ್ಚಲುಮನೆಗಿಂತ ಒಳ್ಳೆಯ ಪ್ರಯೋಗಶಾಲೆಯಿಲ್ಲ. ಅಭ್ಯಂಜನದ ದಿನವನ್ನು ನೆನೆಸಿಕೊಳ್ಳಿ. ಮೈಗೆ ಎಣ್ಣೆ ತಿಕ್ಕಿ, ಹಂಡೆಯಿಂದ ಸುಡುಸುಡು ನೀರು ಮೊಗೆದು ಮೊಗೆದು ಹೊಯ್ಯುತ್ತಾರೆ. ಮೈ ಕೆಂಪಗಾಗುತ್ತದೆ, ಬಚ್ಚಲಿನಿಂದ ಹೊರಬಂದರೂ ಹಣೆಯಲ್ಲಿ ಬೆವರು ಒಸರುತ್ತಲೇ ಇರುತ್ತದೆ. ಬಾಣಂತಿಗೆ ನೀರು ಹಾಕಿದ ಮೇಲೆ ಕಂಬಳಿ ಹೊದಿಸಿ ಮಲಗಿಸುವುದು, ನೀರೆರೆಸಿಕೊಂಡ ಕೂಸು ತೊಟ್ಟಿಲಿಗೆ ಹಾಕುತ್ತಿದ್ದಂತೆ ನಿದ್ದೆಹೋಗುವುದು ಎಲ್ಲ ಮನೆಗಳಲ್ಲೂ ಕಂಡ ಸಂಗತಿ. ಆ ಕೂಸು ಓಡಿಲ್ಲ, ದಂಡ ಹೊಡೆದಿಲ್ಲ. ಸ್ನಾಯುವಿಗೆ ದಣಿವೇ ಇಲ್ಲದಿದ್ದರೂ ನಿದ್ದೆ ಬಂದಿದೆ. ಇಂಗ್ಲೆಂಡಿನ ಜಿಮ್ ಹಾರ್ನ್ ಮತ್ತು ಸ್ಟಾಫ್ ಎಂಬ ಸಂಶೋಧಕರು 1983ರಲ್ಲಿ ಹೆಚ್ಚುಕಡಿಮೆ ಇದನ್ನೇ ಅಳತೆಗೆ ಒಳಪಡಿಸಿದರು. ಪಳಗಿದ ದೇಹದವರನ್ನು ಒಂದು ದಿನ ಜೋರಾಗಿ ಓಡಿಸಿದರು, ಇನ್ನೊಂದು ದಿನ ಹೆಚ್ಚು ಹೊತ್ತು ಆದರೆ ಮೆಲ್ಲಗೆ ಓಡಿಸಿದರು, ಮತ್ತೊಂದು ದಿನ ಬರೀ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಮೈಯನ್ನು ಜೋರು ಓಟದಷ್ಟೇ ಕಾಯಿಸಿದರು. ಅಂದಿನ ರಾತ್ರಿ ಗಾಢನಿದ್ದೆ ಹೆಚ್ಚಿದ್ದು ಎರಡೇ ಬಗೆಯ ದಿನಗಳಲ್ಲಿ: ಜೋರಾಗಿ ಓಡಿದ ದಿನ ಮತ್ತು ಸುಮ್ಮನೆ ಬಿಸಿನೀರಿನಲ್ಲಿ ಕೂತ ದಿನ. ಎರಡು ವರ್ಷದ ಮೇಲೆ ಹಾರ್ನ್ ಇದನ್ನು ತಿರುಗಿಸಿ ನೋಡಿದರು. ಒದ್ದೆ ಬಟ್ಟೆ ಉಡಿಸಿ, ಫ್ಯಾನಿನ ಗಾಳಿ ಬಿಟ್ಟು, ಮೈ ಹೆಚ್ಚು ಕಾಯದಂತೆ ಓಡಿಸಿದಾಗ ಆ ಹೆಚ್ಚುವರಿ ಗಾಢನಿದ್ದೆ ಕಾಣಲಿಲ್ಲ. ದುಡಿಮೆ ಅಷ್ಟೇ ಇತ್ತು, ಕಾವು ಮಾತ್ರ ಅಷ್ಟಿರಲಿಲ್ಲ. ಇದು ರಾತ್ರಿನಿದ್ದೆಯ ಲೆಕ್ಕವೆಂಬುದನ್ನು ಮರೆಯಬಾರದು. ಹಗಲಿನ ಜೊಂಪಿಗೆ ಇದನ್ನು ಇಡಿಯಾಗಿ ಹೊಂದಿಸುವುದು ಸರಿಯಲ್ಲ. ಆದರೆ ದಾರಿ ಒಂದೇ ಎನ್ನಲು ಇನ್ನೊಂದು ಆಧಾರವಿದೆ. 1999ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನ ಕ್ರೌಖಿ ಮತ್ತು ಸಂಗಡಿಗರು, ಕೈಕಾಲುಗಳ ಚರ್ಮ ಬೆಚ್ಚಗಾಗಿ ಒಳಗಿನ ಬಿಸಿ ಹೊರಹೋಗುತ್ತಿರುವವರಿಗೆ ಬೇಗ ನಿದ್ದೆ ಹತ್ತುತ್ತದೆಂದು ತೋರಿಸಿದರು. ಮೈ ಕುದಿಯುತ್ತಿರುವಾಗ ನಿದ್ದೆ ಬಾರದು, ಹಂಡೆಯ ಕೆಳಗಿನ ಬೆಂಕಿ ಎಳೆದ ಮೇಲೆ ನೀರು ಇಳಿಯತೊಡಗಿದಾಗ ಬರುತ್ತದೆ. ಓಟ ಮುಗಿದ ಕೂಡಲೇ ಉಲ್ಲಾಸ, ಒಂದೆರಡು ಗಂಟೆಯ ಮೇಲೆ ತೂಕಡಿಕೆ ಎಂಬ ಕ್ರಮ ಇದಕ್ಕೆ ಹೊಂದುತ್ತದೆ.

ಆದರೂ ಕಾವೊಂದೇ ಸಾಲದು. 1981ರಲ್ಲಿ ಕಾಲಿನ್ ಶಪಿರೊ ಮತ್ತು ಜೊತೆಗಾರರು ‘ಸೈನ್ಸ್’ ಪತ್ರಿಕೆಯಲ್ಲಿ 92 ಕಿಲೋಮೀಟರ್ ಓಡಿದವರ ನಿದ್ದೆಯನ್ನು ವರದಿ ಮಾಡಿದರು. ಓಟದ ಮೇಲಿನ ನಾಲ್ಕು ರಾತ್ರಿಗಳೂ ಅವರ ನಿದ್ದೆ ಉದ್ದವಾಗಿತ್ತು, ಗಾಢನಿದ್ದೆ ಹೆಚ್ಚಿತ್ತು. ನಾಲ್ಕನೇ ರಾತ್ರಿಯವರೆಗೆ ಯಾವ ಕಾವೂ ಉಳಿಯುವುದಿಲ್ಲ. ಅಷ್ಟು ದೊಡ್ಡ ದುಡಿಮೆಗೆ ದೇಹ ನಿಜವಾಗಿಯೂ ಹೆಚ್ಚು ನಿದ್ದೆ ಕೇಳುತ್ತದೆಂದು ಒಪ್ಪಲೇಬೇಕು. ಆದರೆ ನಮ್ಮ ಪ್ರಶ್ನೆ ಐದು ಕಿಲೋಮೀಟರ್ ಓಡಿದವರದು. 1997ರಲ್ಲಿ ಯಂಗ್‌ಸ್ಟೆಡ್ ಮತ್ತಿಬ್ಬರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ವ್ಯಾಯಾಮ ಮಾಡಿದ ದಿನ ರಾತ್ರಿನಿದ್ದೆ ಉದ್ದವಾಗಿದ್ದು ಸರಾಸರಿ ಹತ್ತು ನಿಮಿಷದಷ್ಟು. ಹತ್ತು ನಿಮಿಷದ ಬೇಡಿಕೆಗೆ ಹಗಲುಹೊತ್ತಿನಲ್ಲಿ ಕಣ್ಣು ತೆರೆಯಲಾಗದಂಥ ಮಂಪರು ಬರುವುದಿಲ್ಲ. ಅದು ಬರುವುದು ಅಲಾರಾಂನಿಂದ. ಹನ್ನೊಂದೂವರೆಗೆ ಮಲಗಿ ಐದಕ್ಕೆ ಎದ್ದವರು ಐದೂವರೆ ತಾಸು ನಿದ್ದೆ ಮಾಡಿರುತ್ತಾರೆ, ಓಡಲಿ ಬಿಡಲಿ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ, ನಿದ್ದೆ ಬರಿಸುವ ರಾಸಾಯನಿಕ ಸೇರುತ್ತ ಹೋಗುತ್ತದೆ. ಬೆಕ್ಕುಗಳ ಮಿದುಳಿನಲ್ಲಿ ಇದನ್ನು 1997ರಲ್ಲೇ ಅಳೆದಿದ್ದಾರೆ. ರಾತ್ರಿನಿದ್ದೆ ಅದನ್ನು ಗುಡಿಸಿ ಹಾಕಬೇಕು. ಅರ್ಧ ಗುಡಿಸಿದಾಗಲೇ ನಾವು ಎದ್ದರೆ ಉಳಿದ ಕಸದ ಮೇಲೆ ಹೊಸದು ಬೀಳುತ್ತದೆ. ಜೋರು ವ್ಯಾಯಾಮ ಇಲಿಗಳ ಮಿದುಳಿನಲ್ಲಿ ಅಡೆನೊಸಿನ್ ಹೆಚ್ಚಿಸುವುದೂ ಕಂಡಿದೆ. ಬೆಳಗಿನ ಓಟ ಹಳೆಯ ಬಾಕಿಯನ್ನು ಎತ್ತಿ ತೋರಿಸುತ್ತದೆ, ಅಪವಾದ ಓಟದ ಮೇಲೆ ಬೀಳುತ್ತದೆ.

ಹೀಗೆ ನೋಡಿದಾಗ ಹಗಲುನಿದ್ದೆಯ ಲಾಭ ಎಲ್ಲಿ ಎಂಬುದೂ ಸ್ಪಷ್ಟವಾಗುತ್ತದೆ. ಲಿವರ್‌ಪೂಲಿನ ವಾಟರ್‌ಹೌಸ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಗಂಡಸರು ಹಿಂದಿನ ರಾತ್ರಿ ನಾಲ್ಕೇ ತಾಸು ಮಲಗಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಅರ್ಧ ಗಂಟೆ ಮಲಗಿದ ದಿನ ಅವರ 20 ಮೀಟರ್ ಓಟ ಸುಮಾರು 3.97 ಸೆಕೆಂಡಿನಿಂದ 3.88ಕ್ಕೆ ಇಳಿಯಿತು, ಎಚ್ಚರ ಹೆಚ್ಚಿತು. ಅರ್ಧ ಗಂಟೆಯಲ್ಲಿ ಸ್ನಾಯು ಬೆಳೆದಿರಲಾರದು, ಚೇತರಿಸಿಕೊಂಡದ್ದು ಮಿದುಳು. ಸಂಜೆ ಮತ್ತೊಮ್ಮೆ ಅಭ್ಯಾಸವಿರುವವರಿಗೆ ಇದು ನೇರ ಉಪಯೋಗ. ಗರಡಿಯ ಪೈಲ್ವಾನರು ಬೆಳಗಿನ ಸಾಮು, ಊಟ ಮುಗಿಸಿ ಮಧ್ಯಾಹ್ನ ಮಲಗಿ ಸಂಜೆ ಮತ್ತೆ ಮಟ್ಟಿಗೆ ಇಳಿಯುತ್ತಿದ್ದ ದಿನಚರಿಯಲ್ಲಿ ಅರ್ಥವಿತ್ತು. ಹಗಲುನಿದ್ದೆಯನ್ನು ಬೇಸಿಗೆಯ ಹೊರತು ನಿಷೇಧಿಸುವ ಸುಶ್ರುತ ಸಂಹಿತೆ ಕೂಡ ದುಡಿದು, ದಾರಿ ನಡೆದು ಬಳಲಿದವರಿಗೆ ವಿನಾಯಿತಿ ಕೊಟ್ಟು, ಒಂದು ಮುಹೂರ್ತ, ಅಂದರೆ 48 ನಿಮಿಷ ಮಲಗಲು ಅಡ್ಡಿಯಿಲ್ಲ ಎನ್ನುತ್ತದೆ. ಅಲ್ಲಿಯ ಕಾರಣ ಕಫದ್ದು, ಇಲ್ಲಿಯದು ಅಡೆನೊಸಿನ್‌ನದು; ಒಂದರಿಂದ ಇನ್ನೊಂದು ಸಾಬೀತಾಯಿತೆಂದು ಹೇಳುವುದು ಎರಡಕ್ಕೂ ಅನ್ಯಾಯ. ಆದರೆ ದಣಿದವರಿಗೆ ಬೇರೆ ನಿಯಮ, ಅದಕ್ಕೂ ಒಂದು ಮಿತಿ ಎಂಬ ವಿವೇಕವನ್ನು ಮೆಚ್ಚದಿರಲಾಗದು.

ಮಿತಿಯ ವಿಷಯದಲ್ಲಿ ಆಸ್ಟ್ರೇಲಿಯಾದ ಬ್ರೂಕ್ಸ್ ಮತ್ತು ಲ್ಯಾಕ್ 2006ರಲ್ಲಿ 5, 10, 20, 30 ನಿಮಿಷಗಳ ನಿದ್ದೆಯನ್ನು ಹೋಲಿಸಿದರು. ಹತ್ತು ನಿಮಿಷದ್ದು ಎದ್ದ ಕೂಡಲೇ ಫಲ ಕೊಟ್ಟಿತು, ಮೂವತ್ತರದ್ದು ಮೊದಲು ತಲೆಭಾರ ಕೊಟ್ಟು ಆಮೇಲೆ ಫಲ ಕೊಟ್ಟಿತು. ಆ ತಲೆಭಾರದಲ್ಲಿ ಬೈಕು ಹತ್ತುವುದು ಅಪಾಯ. ಓಡಿ ಬಂದವರು ಹಾಗೇ ಹಾಸಿಗೆಗೆ ಬೀಳುವುದೂ ಬೇಡ. ಒಂದಷ್ಟು ನಡೆದು, ಬೆವರು ಆರಿಸಿಕೊಂಡು, ನೀರು ಕುಡಿದು, ಏನಾದರೂ ತಿಂದು ಮಲಗಬೇಕು. ಉದ್ದದ ಓಟ, ಸೈಕ್ಲಿಂಗ್ ಮಾಡಿದವರಿಗೆ ತಿನ್ನುವುದು ಇನ್ನೂ ಮುಖ್ಯ. ಜಾನ್ ಐವಿ 1988ರಲ್ಲಿ ತೋರಿಸಿದಂತೆ, ಪಿಷ್ಟ ಸಕ್ಕರೆಗಳನ್ನು ಎರಡು ಗಂಟೆ ತಡವಾಗಿ ಕೊಟ್ಟರೆ ಸ್ನಾಯುವಿನಲ್ಲಿ ಗ್ಲೈಕೊಜೆನ್ ಎಂಬ ಇಂಧನ ತುಂಬುವ ವೇಗ ಗಣನೀಯವಾಗಿ ಕುಗ್ಗುತ್ತದೆ. ಹಸಿದ ಹೊಟ್ಟೆಯಲ್ಲಿ ಎರಡು ಗಂಟೆ ಮಲಗುವುದು ಆ ಹೊತ್ತನ್ನು ಕಳೆದುಕೊಂಡಂತೆಯೇ. ಮಧ್ಯಾಹ್ನ ಮೂರು ಗಂಟೆಯ ನಂತರದ ಉದ್ದ ನಿದ್ದೆ ರಾತ್ರಿಯ ನಿದ್ದೆಯನ್ನು ತಿನ್ನುತ್ತದೆ, ಮರುದಿನದ ಜೊಂಪಿಗೆ ಅದೇ ಬೀಜ.

ತಮ್ಮ ಜೊಂಪು ಎಲ್ಲಿಂದ ಬರುತ್ತದೆಂದು ತಿಳಿಯಲು ಯಾವ ಯಂತ್ರವೂ ಬೇಡ. ವ್ಯಾಯಾಮ ಬದಲಿಸದೆ ಒಂದು ವಾರ ರಾತ್ರಿ ಹತ್ತಕ್ಕೇ ದೀಪ ಆರಿಸಿ ನೋಡಬಹುದು. ನಿದ್ದೆಯ ಬಾಕಿಯೇ ಕಾರಣವಾಗಿದ್ದರೆ ಬೆಳಗಿನ ಹತ್ತು ಗಂಟೆಯ ತೂಕಡಿಕೆ ತಾನಾಗಿ ಇಳಿಯುತ್ತದೆ. ಏಳೆಂಟು ತಾಸು ನಿದ್ದೆ ಮಾಡಿದ ಮೇಲೂ ಲಘು ವ್ಯಾಯಾಮಕ್ಕೇ ದಿನವೂ ಕಣ್ಣು ಮುಚ್ಚುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್ ಕೊರತೆ, ಗೊರಕೆಯ ಜೊತೆ ಉಸಿರುಗಟ್ಟುವ ತೊಂದರೆ ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು.