ಸ್ತನದ ಇಂಪ್ಲಾಂಟ್‌ಗೆ ಸರಿಯಾದ ಸೈಜ್ ಯಾವುದು? ‘ಇಷ್ಟು ಸಿಸಿಗೆ ಇಷ್ಟು ಕಪ್’ ಪಟ್ಟಿಯನ್ನು ಏಕೆ ನಂಬಬಾರದು

“200 ಸಿಸಿ ಹಾಕಿಸಿದರೆ ಒಂದು ಕಪ್ ಹೆಚ್ಚುತ್ತದೆ, 400 ಸಿಸಿಗೆ ಎರಡು ಕಪ್.” ಸ್ತನದ ಗಾತ್ರ ಹೆಚ್ಚಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಫೋನಿನಲ್ಲಿ ಹುಡುಕಿದವರಿಗೆ ಇಂಥ ಪಟ್ಟಿಗಳು ಸಿಗುತ್ತವೆ. ಜೊತೆಗೆ ‘ಮೊದಲು–ನಂತರ’ ಫೋಟೊಗಳು, ಅವುಗಳ ಕೆಳಗೊಂದು ಸಂಖ್ಯೆ. ಮನೆಯಲ್ಲಿ ಕೇಳಲು ಮುಜುಗರ ತರುವ ವಿಷಯವಾದ್ದರಿಂದ ಹಲವರಿಗೆ ಈ ಪಟ್ಟಿ ಮತ್ತು ಫೋಟೊಗಳೇ ಆಧಾರ. ಅದೇ ಸಂಖ್ಯೆ ಹಿಡಿದು “ನನಗೂ ಇಷ್ಟೇ ಬೇಕು” ಎಂದು ಕ್ಲಿನಿಕ್‌ಗೆ ಹೋಗುವವರೂ ಇದ್ದಾರೆ.

ಚಿಕ್ಕದಾಗಿ ಹೇಳುವುದಾದರೆ, ಆ ಲೆಕ್ಕ ತಪ್ಪು ದಾರಿಗೆ ಎಳೆಯುತ್ತದೆ. ಯಾವ ಇಂಪ್ಲಾಂಟ್ ಹೊಂದುತ್ತದೆ ಎಂಬುದನ್ನು ಮೊದಲು ತೀರ್ಮಾನಿಸುವುದು ನಿಮ್ಮ ಎದೆಯ ಅಗಲ ಮತ್ತು ನಿಮ್ಮ ಚರ್ಮ. ಸಿಸಿ ಸಂಖ್ಯೆ ಬರುವುದು ಆಮೇಲೆ. ಏಕೆ ಎಂದು ನೋಡೋಣ.

ಸಿಸಿ ಎಂದರೇನು, ಕಪ್ ಎಂದರೇನು?

ಸಿಸಿ ಎಂದರೆ ಘನ ಸೆಂಟಿಮೀಟರ್. ಒಂದು ಸಿಸಿ ಎಂದರೆ ಒಂದು ಮಿಲಿಲೀಟರ್. 300 ಸಿಸಿ ಇಂಪ್ಲಾಂಟ್ ಎಂದರೆ 300 ಮಿಲಿಲೀಟರ್ ಜಾಗ ಹಿಡಿಯುವ ಒಂದು ಚೀಲ. ಅದರ ಹೊರಪದರ ಸಿಲಿಕೋನ್‌ನದು. ಒಳಗೆ ಸಿಲಿಕೋನ್ ಜೆಲ್ ಇರುತ್ತದೆ, ಇಲ್ಲವೇ ಸಲೈನ್, ಅಂದರೆ ಉಪ್ಪುನೀರು.

ಕಪ್ ಹಾಗಲ್ಲ. ಬ್ರಾದ ಮೇಲಿರುವ ಎ, ಬಿ, ಸಿ ಅಕ್ಷರಗಳಿಗೆ ಸ್ವಂತ ಅಳತೆಯೇ ಇಲ್ಲ. ಪಕ್ಕದಲ್ಲಿರುವ ಬ್ಯಾಂಡ್ ಸಂಖ್ಯೆಯ ಜೊತೆ ಸೇರಿಸಿ ಓದಿದಾಗ ಮಾತ್ರ ಅವುಗಳಿಗೆ ಅರ್ಥ. 32ಡಿ, 34ಸಿ, 36ಬಿ ಈ ಮೂರೂ ಬ್ರಾಗಳ ಕಪ್‌ನ ಗಾತ್ರ ಹೆಚ್ಚುಕಡಿಮೆ ಒಂದೇ. 32ಬಿ ಕಪ್ 36ಬಿ ಕಪ್‌ಗಿಂತ ಚಿಕ್ಕದು. ಇದರ ಮೇಲೆ ಒಂದೊಂದು ಕಂಪನಿಯ ಅಳತೆ ಒಂದೊಂದು ಥರ. ಹೀಗಿರುವಾಗ “ಇಷ್ಟು ಸಿಸಿಗೆ ಇಷ್ಟು ಕಪ್” ಎಂದು ಎಲ್ಲರಿಗೂ ಒಂದೇ ಪಟ್ಟಿ ಮಾಡಲು ಸಾಧ್ಯವಿಲ್ಲ. ಅಗಲ ಎದೆಯ ಹೆಂಗಸಿನಲ್ಲಿ 250 ಸಿಸಿ ಎದ್ದು ಕಾಣದೇ ಇರಬಹುದು. ಸಣ್ಣ ಮೈಕಟ್ಟಿನವರಲ್ಲಿ ಅದೇ 250 ಸಿಸಿ ದೊಡ್ಡ ಬದಲಾವಣೆ.

ಒಂದೇ ಸಿಸಿ, ಬೇರೆ ಬೇರೆ ಆಕಾರ

ಒಂದು ಲೋಟ ನೀರನ್ನು ಊಟದ ತಟ್ಟೆಗೆ ಸುರಿದರೆ ತೆಳ್ಳಗೆ ಹರಡುತ್ತದೆ. ಅದನ್ನೇ ಬಟ್ಟಲಿಗೆ ಸುರಿದರೆ ಎತ್ತರಕ್ಕೆ ನಿಲ್ಲುತ್ತದೆ. ನೀರು ಅಷ್ಟೇ, ಆಕಾರ ಬೇರೆ. ಇಂಪ್ಲಾಂಟ್‌ನಲ್ಲೂ ಹೀಗೆಯೇ. ಒಂದೇ ಗಾತ್ರದ ಇಂಪ್ಲಾಂಟ್ ಕಡಿಮೆ, ಮಧ್ಯಮ, ಹೆಚ್ಚು ಎಂಬ ಬೇರೆ ಬೇರೆ ‘ಪ್ರೊಫೈಲ್’ಗಳಲ್ಲಿ ಬರುತ್ತದೆ. ಕಡಿಮೆ ಪ್ರೊಫೈಲ್‌ನದು ಅಗಲವಾಗಿ, ಚಪ್ಪಟೆಯಾಗಿರುತ್ತದೆ. ಹೆಚ್ಚು ಪ್ರೊಫೈಲ್‌ನದು ಕಿರಿದಾಗಿದ್ದು ಮುಂದಕ್ಕೆ ಉಬ್ಬಿರುತ್ತದೆ.

ಹಾಗಾಗಿ ಫೋಟೊದ ಕೆಳಗೆ ‘325 ಸಿಸಿ’ ಎಂದಷ್ಟೇ ಬರೆದಿದ್ದರೆ ಅದು ಅರ್ಧ ಮಾಹಿತಿ. ಅದರ ಅಗಲ ಎಷ್ಟು, ಸ್ನಾಯುವಿನ ಮೇಲಿಟ್ಟರೋ ಕೆಳಗಿಟ್ಟರೋ, ಆಕೆಗೆ ಮೊದಲು ಎಷ್ಟು ಸ್ತನ ಅಂಗಾಂಶ ಇತ್ತು, ಎತ್ತರ ಎಷ್ಟು, ಇದ್ಯಾವುದೂ ಫೋಟೊದಲ್ಲಿ ಇರುವುದಿಲ್ಲ.

ಡಾಕ್ಟರು ಅಳೆಯುವುದೇನು?

ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳಾದ ಜಾನ್ ಟೆಬ್ಬೆಟ್ಸ್ ಮತ್ತು ವಿಲಿಯಂ ಆ್ಯಡಮ್ಸ್ 2005ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದರು. ಆಪರೇಷನ್‌ಗೆ ಮೊದಲೇ, ಅಳತೆಗಳ ಆಧಾರದಲ್ಲಿ, ಐದು ತೀರ್ಮಾನಗಳನ್ನು ಮಾಡಬೇಕು ಎಂಬುದು ಅದರ ತಿರುಳು. ಅಳತೆ ನೋಡಿ ಇಂಪ್ಲಾಂಟ್ ಆರಿಸುವ ಈ ರೀತಿ ಇಂದು ಹಲವೆಡೆ ಬಳಕೆಯಲ್ಲಿದೆ. ಮುಖ್ಯವಾಗಿ ನೋಡುವುದು ಇವನ್ನು:

• ಸ್ತನದ ತಳದ ಅಗಲ. ಇಂಪ್ಲಾಂಟ್ ಇದಕ್ಕಿಂತ ಅಗಲವಾದರೆ ಕಂಕುಳ ಕಡೆಗೆ ಚಾಚಿಕೊಳ್ಳಬಹುದು, ಇಲ್ಲವೇ ಎರಡೂ ಸ್ತನಗಳು ನಡುವೆ ಒಂದಕ್ಕೊಂದು ಅಂಟಿದಂತೆ ಆಗಬಹುದು.

• ಚರ್ಮ ಎಷ್ಟು ಹಿಗ್ಗುತ್ತದೆ ಎಂಬುದು. ಬಿಗಿ ಚರ್ಮದಲ್ಲಿ ಹಿಡಿಸುವುದೇ ಕಡಿಮೆ. ಮಕ್ಕಳಾದ ಮೇಲೆ ಸಡಿಲಗೊಂಡ ಚರ್ಮದ ಲೆಕ್ಕ ಬೇರೆ.

• ಮೇಲ್ಭಾಗದ ಅಂಗಾಂಶದ ದಪ್ಪ. ಇದನ್ನು ಚಿವುಟಿ ಹಿಡಿದು ಅಳೆಯುತ್ತಾರೆ. ಎರಡು ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಇಂಪ್ಲಾಂಟ್‌ನ ಅಂಚು ಹೊರಗೆ ಕಾಣುವ ಸಂಭವ ಹೆಚ್ಚು. ಆಗ ಸಾಮಾನ್ಯವಾಗಿ ಎದೆಯ ಸ್ನಾಯುವಿನ ಕೆಳಗೆ ಇಡುವ ಯೋಚನೆ ಮಾಡುತ್ತಾರೆ.

• ಮೊಲೆತೊಟ್ಟಿನಿಂದ ಸ್ತನದ ಕೆಳಗಿನ ಮಡಿಕೆಯವರೆಗಿನ ದೂರ.

ಈ ಅಳತೆಗಳಾದ ಮೇಲೆ ನಿಮ್ಮ ಮೈಗೆ ಹೊಂದುವ ಸಿಸಿಗಳ ಒಂದು ಮಿತಿ ಸಿಗುತ್ತದೆ. ನಿಮ್ಮ ಇಷ್ಟಕ್ಕೆ ಜಾಗವಿರುವುದು ಆ ಮಿತಿಯ ಒಳಗೆ. ಟೇಪ್ ಹಿಡಿಯದೆ, ಬರೀ ನೋಡಿ “350 ಹಾಕೋಣ” ಎನ್ನುವ ಕಡೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಒಳ್ಳೆಯದು.

‘ದೊಡ್ಡದೇ ಹಾಕಿಸಿ, ಇಲ್ಲದಿದ್ದರೆ ಆಮೇಲೆ ಬೇಸರವಾಗುತ್ತದೆ’

ಈ ಸಲಹೆಯೂ ಓಡಾಡುತ್ತಿದೆ. ಸೈಜ್ ಇಷ್ಟವಾಗದೆ ಮತ್ತೆ ಆಪರೇಷನ್ ಮಾಡಿಸಿಕೊಳ್ಳುವವರು ಇದ್ದಾರೆ ಎಂಬುದು ನಿಜ. ಆದರೆ ಅದಕ್ಕೆ ಉತ್ತರ ಸರಿಯಾದ ಅಳತೆಯೇ ಹೊರತು ದೊಡ್ಡ ಇಂಪ್ಲಾಂಟ್ ಅಲ್ಲ.

ಸಿಲಿಕೋನ್ ಜೆಲ್‌ನ ತೂಕ ಹೆಚ್ಚುಕಡಿಮೆ ನೀರಿನಷ್ಟೇ. 300 ಸಿಸಿಯ ಎರಡು ಇಂಪ್ಲಾಂಟ್ ಎಂದರೆ ಸುಮಾರು 600 ಗ್ರಾಂ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ಗಿಂತ ಸ್ವಲ್ಪ ಹೆಚ್ಚಿನ ಭಾರವನ್ನು ಎದೆಯ ಚರ್ಮ ಹಗಲೂ ರಾತ್ರಿ ಹೊರಬೇಕು. ಮೈಗೆ ಮೀರಿದ ಸೈಜ್ ಹಾಕಿಸಿದರೆ ಚರ್ಮ ಹಿಗ್ಗಿ ತೆಳುವಾಗುತ್ತದೆ, ಇಂಪ್ಲಾಂಟ್ ಕೆಳಕ್ಕೆ ಜಾರಬಹುದು, ಮೇಲ್ಮೈಯಲ್ಲಿ ಸುಕ್ಕು ಕಾಣಬಹುದು, ಸ್ಪರ್ಶಜ್ಞಾನ ಕುಗ್ಗಬಹುದು. ಹೀಗೆ ತೆಳುವಾದ ಅಂಗಾಂಶವನ್ನು ಮೊದಲಿನಂತೆ ಮಾಡುವುದು ಬಹಳ ಕಷ್ಟ. ಇಂಪ್ಲಾಂಟ್ ತೆಗೆಸಿದರೂ ಹಿಗ್ಗಿದ ಚರ್ಮ ಪೂರ್ತಿ ಹಿಂದಕ್ಕೆ ಬರದೇ ಇರಬಹುದು.

ಅಕ್ಕಿ ಪರೀಕ್ಷೆ ಉಪಯೋಗಕ್ಕೆ ಬರುತ್ತದೆಯೇ?

ಪ್ಲಾಸ್ಟಿಕ್ ಚೀಲದಲ್ಲಿ ಅಕ್ಕಿ ತುಂಬಿ ಬ್ರಾದೊಳಗೆ ಇಟ್ಟು ನೋಡುವ ಉಪಾಯ ಸ್ವಲ್ಪ ಮಟ್ಟಿಗೆ ಉಪಯುಕ್ತ. ಎರಡು ಮಾತು ನೆನಪಿರಲಿ. ಅಕ್ಕಿಯನ್ನು ತೂಗಬೇಡಿ, ಮಿಲಿಲೀಟರ್ ಗುರುತಿರುವ ಪಾತ್ರೆಯಲ್ಲಿ ಅಳೆಯಿರಿ. ಹಾಗೆ ಅಳೆದ ಅಕ್ಕಿ ಅಷ್ಟೇ ಗಾತ್ರದ ಇಂಪ್ಲಾಂಟ್‌ಗಿಂತ ಹಗುರ, ಆದ್ದರಿಂದ ನಿಜವಾದ ಭಾರ ಇದರಿಂದ ತಿಳಿಯುವುದಿಲ್ಲ. ಎರಡನೆಯದಾಗಿ, ಚರ್ಮದ ಹೊರಗೆ ಇಟ್ಟದ್ದು ಒಳಗೆ ಹೋದಾಗ ಹಾಗೆಯೇ ಕಾಣುವುದಿಲ್ಲ. ಕ್ಲಿನಿಕ್‌ನಲ್ಲಿ ಕೊಡುವ ಸೈಜರ್ ಅಥವಾ ತ್ರಿಡಿ ಚಿತ್ರವೂ ಅಂದಾಜೇ, ಗ್ಯಾರಂಟಿ ಅಲ್ಲ. ನಿಮಗೇನು ಬೇಕು ಎಂದು ಡಾಕ್ಟರಿಗೆ ತೋರಿಸಲು ಇವನ್ನು ಬಳಸಿ.

ಕ್ಯಾನ್ಸರ್‌ನಿಂದ ಸ್ತನ ತೆಗೆಸಿದವರಿಗೆ

ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. ಸ್ತನ ತೆಗೆಸಿದ ನಂತರ ಇಂಪ್ಲಾಂಟ್ ಹಾಕಿಸುವವರಿಗೆ ಸೈಜ್ ಎಂದರೆ ಇನ್ನೊಂದು ಬದಿಗೆ ಸರಿಹೊಂದಿಸುವುದು. ಚರ್ಮ ಸಾಲದಿದ್ದರೆ ಮೊದಲು ‘ಎಕ್ಸ್‌ಪ್ಯಾಂಡರ್’ ಎಂಬ ಖಾಲಿ ಚೀಲ ಇಟ್ಟು, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಸಲೈನ್ ತುಂಬಿ ಜಾಗ ಮಾಡುತ್ತಾರೆ. ರೇಡಿಯೇಷನ್ ಪಡೆದ ಚರ್ಮದಲ್ಲಿ ಇಂಪ್ಲಾಂಟ್‌ನ ತೊಂದರೆಗಳು ಹೆಚ್ಚು. ಆದ್ದರಿಂದ ಕ್ಯಾನ್ಸರ್ ಡಾಕ್ಟರು ಮತ್ತು ಪ್ಲಾಸ್ಟಿಕ್ ಸರ್ಜನ್ ಇಬ್ಬರ ಜೊತೆಗೂ ಮೊದಲೇ ಮಾತಾಡಬೇಕು. ಹೊಟ್ಟೆ ಅಥವಾ ಬೆನ್ನಿನ ಅಂಗಾಂಶದಿಂದ ಸ್ತನ ರೂಪಿಸುವ ವಿಧಾನವೂ ಇದೆ. ಆಪರೇಷನ್ ಬೇಡವೆನ್ನುವವರಿಗೆ ಬ್ರಾದೊಳಗೆ ಇಟ್ಟುಕೊಳ್ಳುವ ಕೃತಕ ಸ್ತನ ಇದೆ. ಏನೂ ಬೇಡ ಎನ್ನುವುದೂ ಸರಿಯಾದ ಆಯ್ಕೆಯೇ.

ಇನ್ನು ಕೆಲವು ಫಾರ್ವರ್ಡ್‌ಗಳು

“ಸ್ತನ ಚಿಕ್ಕದಿದ್ದರೆ ಮಗುವಿಗೆ ಹಾಲು ಸಾಲುವುದಿಲ್ಲ.” ಸುಳ್ಳು. ಗಾತ್ರದ ಬಹುಪಾಲು ಕೊಬ್ಬು, ಹಾಲು ಬರುವುದು ಗ್ರಂಥಿಗಳಿಂದ. ಈ ಭಯಕ್ಕೆ ಯಾರೂ ಇಂಪ್ಲಾಂಟ್ ಹಾಕಿಸಬೇಕಿಲ್ಲ.

“ಕ್ರೀಮ್, ಎಣ್ಣೆ, ಮಾತ್ರೆಯಿಂದಲೇ ಗಾತ್ರ ಹೆಚ್ಚುತ್ತದೆ.” ಇದಕ್ಕೆ ನಂಬುವಂಥ ಆಧಾರವಿಲ್ಲ.

“ವಿಮಾನದಲ್ಲಿ ಇಂಪ್ಲಾಂಟ್ ಒಡೆಯುತ್ತದೆ.” ಸುಳ್ಳು.

“ಒಮ್ಮೆ ಹಾಕಿಸಿದರೆ ಸಾಯುವವರೆಗೂ ಚಿಂತೆಯಿಲ್ಲ.” ಸುಳ್ಳು. ಇಂಪ್ಲಾಂಟ್ ಜೀವನಪೂರ್ತಿ ಬರುವ ಸಾಧನವಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಪಷ್ಟವಾಗಿ ಹೇಳುತ್ತದೆ. ವರ್ಷ ಕಳೆದಂತೆ ಒಡೆಯುವ, ಸುತ್ತಲಿನ ಪೊರೆ ಗಟ್ಟಿಯಾಗುವ ಸಂಭವ ಹೆಚ್ಚುತ್ತದೆ. ಜೆಲ್ ಇಂಪ್ಲಾಂಟ್ ಒಳಗೊಳಗೇ ಒಡೆದರೆ ಗೊತ್ತಾಗದೇ ಇರಬಹುದು. ಅದಕ್ಕಾಗಿ 5–6 ವರ್ಷಕ್ಕೆ ಮೊದಲ ಸಲ, ನಂತರ 2–3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಲು ಎಫ್‌ಡಿಎ ಸಲಹೆ ನೀಡಿದೆ. ಆಪರೇಷನ್ ಖರ್ಚಿನ ಜೊತೆ ಇದನ್ನೂ ಲೆಕ್ಕಕ್ಕೆ ಸೇರಿಸಿ.

“ಇಂಪ್ಲಾಂಟ್‌ನಿಂದ ಕ್ಯಾನ್ಸರ್ ಬರುತ್ತದೆ.” ಇದು ಅರ್ಧ ಸತ್ಯ. ಸಾಮಾನ್ಯ ಸ್ತನ ಕ್ಯಾನ್ಸರ್ ಹೆಚ್ಚುತ್ತದೆ ಎಂದು ಕಂಡುಬಂದಿಲ್ಲ. ಆದರೆ ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಬರುವ ಅಪರೂಪದ ಒಂದು ಲಿಂಫೋಮ ಇದೆ. ಅದು ಹೆಚ್ಚಾಗಿ ಕಂಡದ್ದು ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಲ್ಲಿ. 2019ರಲ್ಲಿ ಎಫ್‌ಡಿಎ ಕೇಳಿದ ಮೇಲೆ ಅಲರ್ಗನ್ ಕಂಪನಿ ತನ್ನ ಬಯೊಸೆಲ್ ಮಾದರಿಯನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಹಾಕಿಸಿ ಎಷ್ಟೋ ವರ್ಷವಾದ ಮೇಲೆ ಒಂದು ಬದಿ ಊದಿಕೊಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ

1. ನನ್ನ ಸ್ತನದ ತಳದ ಅಗಲ ಎಷ್ಟು ಸೆಂಟಿಮೀಟರ್? ನೀವು ಹೇಳುವ ಇಂಪ್ಲಾಂಟ್‌ನ ಅಗಲ ಎಷ್ಟು?
2. ಇದಕ್ಕಿಂತ 50 ಸಿಸಿ ಹೆಚ್ಚು ಅಥವಾ ಕಡಿಮೆ ಮಾಡಿದರೆ ಏನಾಗುತ್ತದೆ?
3. ಮೇಲ್ಮೈ ನುಣುಪೋ ಒರಟೋ? ಸ್ನಾಯುವಿನ ಮೇಲೋ ಕೆಳಗೋ?
4. ಮತ್ತೆ ಆಪರೇಷನ್ ಬೇಕಾದರೆ ಖರ್ಚು ಯಾರದು?
5. ನೀವು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದ್ದೀರಾ? ಅರಿವಳಿಕೆ ಕೊಡುವವರು ಯಾರು? ತುರ್ತು ಬಂದರೆ ಇಲ್ಲಿ ಐಸಿಯು ಇದೆಯೇ?
6. ಮುಂದೆ ಬಸುರಿಯಾದರೆ, ಹಾಲೂಡಿಸಬೇಕಾದರೆ ಏನು ವ್ಯತ್ಯಾಸ ಆಗಬಹುದು?

ಆಪರೇಷನ್ ಆದ ಮೇಲೆ ಇಂಪ್ಲಾಂಟ್‌ನ ಕಂಪನಿ, ಮಾದರಿ, ಸೀರಿಯಲ್ ನಂಬರ್ ಇರುವ ಕಾರ್ಡ್ ಕೇಳಿ ಪಡೆದು, ಫೋಟೊ ತೆಗೆದಿಟ್ಟುಕೊಳ್ಳಿ. ಕಂಪನಿ ಆ ಮಾದರಿಯನ್ನು ಹಿಂಪಡೆದರೆ ನಿಮ್ಮದೂ ಅದೇನಾ ಎಂದು ತಿಳಿಯುವುದು ಆ ಕಾರ್ಡಿನಿಂದಲೇ. ಮ್ಯಾಮೊಗ್ರಾಂ ಮಾಡಿಸುವಾಗ ಇಂಪ್ಲಾಂಟ್ ಇದೆ ಎಂದು ಟೆಕ್ನಿಷಿಯನ್‌ಗೆ ಮೊದಲೇ ಹೇಳಿ. ಚಿತ್ರ ತೆಗೆಯುವ ರೀತಿ ಬೇರೆ ಇರುತ್ತದೆ.

ಇಂಪ್ಲಾಂಟ್ ಹಾಕಿಸಬೇಕೋ ಬೇಡವೋ ಎಂಬುದು ಆಯಾ ಹೆಂಗಸಿನ ತೀರ್ಮಾನ. ಗಂಡನದೂ ಅಲ್ಲ, ಅತ್ತೆಯದೂ ಅಲ್ಲ, ಫಾರ್ವರ್ಡ್ ಕಳಿಸಿದವರದೂ ಅಲ್ಲ. ಇನ್ನೊಮ್ಮೆ ‘ಸಿಸಿ–ಕಪ್’ ಪಟ್ಟಿ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದೆ ಕಳಿಸಬೇಡಿ, ಮೇಲಿನ ಆರು ಪ್ರಶ್ನೆಗಳನ್ನು ಕಳಿಸಿ.